ಇವತ್ತು ಕಚೇರಿ ಎಲ್ಲಿ?

"ಇನ್ನೊಂಚೂರು ಎತ್ತಿ ಹಿಡ್ಕಳ್ರಪ್ಪ, ಕತ್ತು ವಾಲ್ತೈತೆ," ಎಂದರು ಗಂಗಯ್ಯ ಅಯ್ಯನವರು.

ಇಬ್ಬರು ಹಿಡಿದುಕೊಂಡರು. ಜಗುಲಿಯ ಗೋಡೆಗೆ ಆನಿಸಿದ ಹಲಗೆಗೆ ರುದ್ರಮ್ಮನವರ ಬೆನ್ನು ಕಟ್ಟಿ, ಹಣೆಗೆ ಬಿಳಿ ಬಟ್ಟೆ ಸುತ್ತಿ ತಲೆ ನಿಲ್ಲಿಸಿದ ಮೇಲೆ ಅಯ್ಯನವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ವಿಭೂತಿ, ಬಿಲ್ವಪತ್ರೆ, ಸೇವಂತಿಗೆ ಹಾರ, ಎಡ ಅಂಗೈಯಲ್ಲಿ ಲಿಂಗ. ಎದುರಿಗೆ ಅಂಗಳದಲ್ಲಿ ಜಮಖಾನದ ಮೇಲೆ ಕಣಕಟ್ಟೆಯ ಭಜನೆ ತಂಡ. ಹಾರ್ಮೋನಿಯಂನ ಎರಡು ಮನೆ ಕೆಟ್ಟು ಯಾವ ಕಾಲವಾಯಿತೋ, ಆದರೆ ಹಾಡುವವರ ಗಂಟಲಿಗೇನೂ ಕಮ್ಮಿಯಿರಲಿಲ್ಲ.

"ಎಷ್ಟೊತ್ತಿಗೆ ಎತ್ತೋದು ಅಯ್ನೋರೇ?" ನಂಜಪ್ಪನವರು ವಾಚು ನೋಡಿಕೊಂಡರು.

"ಮೂರು ಗಂಟೆಗೆ. ತೋಟದಲ್ಲಿ ಗುಣಿ ಆಗೈತೆ."

"ಮೂರು ಅಂದ್ರೆ ಮೂರೇ ಆಗ್ಬೇಕು. ಎಳೀಬ್ಯಾಡಿ."

ಹೆಂಡತಿ ಸತ್ತ ದಿನವೂ ಈ ಮನುಷ್ಯನಿಗೆ ಹೊತ್ತಿನದೇ ಚಿಂತೆ! ಪಕ್ಕದ ಮನೆಯ ಬಸಮ್ಮ ಬಾಯಿಗೆ ಸೆರಗು ಹಿಡಿದು, "ಬಸ್ಸೇನು ತಪ್ಪೋಯ್ತದಾ ಇವ್ರಿಗೆ?" ಎಂದು ಗೊಣಗಿದಳು. ಬಸಮ್ಮನದು ತಪ್ಪಲ್ಲ, ನಂಜಪ್ಪನವರದೂ ಹೊಸದಲ್ಲ. ನಲವತ್ತು ವರ್ಷ ಅರಸೀಕೆರೆಯ ಕೊಬ್ಬರಿ ಹರಾಜಿಗೆ ಓಡಾಡಿದ ಜೀವ ಅದು. ಎಲ್ಲಿಗೆ ಹೋದರೂ ಅರ್ಧ ಗಂಟೆ ಮುಂಚೆ ಹೋಗಿ ನಿಲ್ಲುವುದು, ಎಲ್ಲಿಂದ ಹೊರಟರೂ ಅರ್ಧ ಗಂಟೆ ಮುಂಚೆ ಏಳುವುದು, ಅದೇ ರೂಢಿ.

ಸೊಸೆ ಹೇಮಾಶ್ರೀ ಅತ್ತೆಯ ಫೋನು ಹಿಡಿದುಕೊಂಡು ಬಂದಳು. ಅತ್ತತ್ತು ಅವಳ ಕಣ್ಣು ಊದಿದ್ದವು.

"ಮಾವ, ಬೆಂಗಳೂರಿಂದ ಮೂರು ಜನ ಬಂದವ್ರೆ. ಅತ್ತೆ ಗ್ರೂಪಿನವ್ರು."

"ಯಾವ ಗ್ರೂಪು?"

"ಸಂಗೀತದ್ದು ಮಾವ. ಹೇಳಿದ್ನಲ್ಲ. ಬೆಳಿಗ್ಗೆ ನಾನೇ ಅದ್ರಲ್ಲಿ ವಿಷಯ ಹಾಕ್ದೆ."

ಹೇಳಿದ್ದಳು, ನಿಜ. ಒಂದಲ್ಲ ಹತ್ತು ಸಲ ಹೇಳಿದ್ದಳು. ನಂಜಪ್ಪನವರು ಹೂಂ ಅಂದಿದ್ದರು, ಕೇಳಿಸಿಕೊಂಡಿರಲಿಲ್ಲ.

ಬಂದವರಲ್ಲಿ ಮುಂದಿದ್ದವರು ಪುಷ್ಪಲತಾ ಎಂಬ ನಿವೃತ್ತ ಮೇಡಂ. ಮಂಡಿ ನೋವಿಗೆ ಕೋಲು ಹಿಡಿದಿದ್ದರು. ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮಲ್ಲಿಗೆಯನ್ನು ರುದ್ರಮ್ಮನವರ ಕಾಲಿನ ಬಳಿ ಇಟ್ಟು, ಆ ಮುಖವನ್ನು ಬಹಳ ಹೊತ್ತು ನೋಡಿದರು.

"ಏಳು ವರ್ಷದಿಂದ ದಿನಾ ಮಾತಾಡಿದೀನಿ ಇವರ ಜೊತೆ. ಮುಖ ನೋಡ್ತಿರೋದು ಇವತ್ತೇ," ಎಂದರು. ಆಮೇಲೆ ನಂಜಪ್ಪನವರ ಕಡೆ ತಿರುಗಿ, "ನೀವಿಬ್ರೂ ಎಲ್ಲಿ ಕೂರ್ತಿದ್ರಿ ಸರ್? ಪ್ರತಿ ಕಚೇರೀಲೂ ಹುಡುಕ್ತಿದ್ದೆ. ಕೇಳಿದ್ರೆ, 'ಹಿಂದುಗಡೆ ಇದ್ದೆ ಕಣಮ್ಮ' ಅಂತ ನಗೋರು."

"ಯಾವ ಕಚೇರಿ?"

"ಸಂಗೀತ ಕಚೇರಿ ಸರ್! ಬೆಂಗಳೂರಲ್ಲಿ ಇವತ್ತು ಎಲ್ಲೆಲ್ಲಿ ಹಾಡು, ಯಾವ ಬಸ್ಸು, ಎಲ್ಲಿ ಇಳೀಬೇಕು, ಮೆಟ್ಟಿಲು ಎಷ್ಟು, ಫ್ಯಾನು ಯಾವ ಕಡೆ, ಪಾಸು ಬೇಕಾ ಬೇಡ್ವಾ... ಬೆಳಿಗ್ಗೆ ಆರಕ್ಕೆ ಅಮ್ಮನ ಪಟ್ಟಿ ಬಂದ್ಬಿಡೋದು. ಅಷ್ಟು ದೊಡ್ಡ ಊರಲ್ಲಿ ನಮ್ಮಂಥ ಮುದುಕರಿಗೆ ಯಾರು ಹೇಳ್ತಾರೆ ಸರ್ ಇದನ್ನೆಲ್ಲ? ನನ್ನ ಮಂಡೀಲಿ ನಾನು ಮನೆ ಬಿಡ್ತಿದ್ದಿದ್ದೇ ಅವರ ಧೈರ್ಯದ ಮೇಲೆ."

ನಂಜಪ್ಪನವರು ಹೆಗಲ ಮೇಲಿನ ಟವಲನ್ನು ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡರು.

"ಅವಳು ಒಂದಕ್ಕೂ ಬಂದಿಲ್ಲಮ್ಮ," ಎಂದರು.

* * *

ಎಂಟು ವರ್ಷದ ಹಿಂದೆ ನಂಜಪ್ಪನವರ ತಂಗಿಯ ಮಗಳ ಮದುವೆ ಬೆಂಗಳೂರಿನಲ್ಲಿ ನಡೆದಿತ್ತು. ಊಟ ಮುಗಿಸಿ, ಸಂಜೆಯ ರೈಲಿಗೆಂದು ಗಂಡ ಹೆಂಡತಿ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ಪಕ್ಕದ ಬೀದಿಯ ಮೈದಾನದಲ್ಲಿ ರಾಮೋತ್ಸವದ ಚಪ್ಪರ. ಒಳಗೆ ಯಾರೋ ಪಿಟೀಲು ನುಡಿಸುತ್ತಿದ್ದರು.

ರುದ್ರಮ್ಮ ಗೇಟಿನ ಸರಳು ಹಿಡಿದು ನಿಂತುಬಿಟ್ಟರು. ಮದುವೆಯಾದಾಗಿನಿಂದ ಅಡುಗೆ ಮನೆಯ ರೇಡಿಯೊದಲ್ಲಿ ಕೇಳಿದ ಸದ್ದು ಅದು. ಅದನ್ನು ಒಬ್ಬ ಮನುಷ್ಯ ಎದುರಿಗೇ ಕೂತು, ಬೆವರು ಒರೆಸಿಕೊಂಡು ನುಡಿಸುತ್ತಾನೆ ಎಂಬುದನ್ನು ಅವರು ಮೊದಲ ಸಲ ಕಂಡಿದ್ದರು.

"ಒಂದು ಹಾಡು ಕೇಳ್ಕೊಂಡು ಹೋಗಣ ಕಣ್ರೀ. ಒಂದೇ ಒಂದು."

"ರೈಲು ನಿನಗೋಸ್ಕರ ನಿಂತ್ಕಂತದಾ? ನಡಿ ನಡಿ. ರೇಡಿಯೋದಲ್ಲಿ ಬರೋದೇ ತಾನೆ ಇದು?"

ಗೇಟಿನಲ್ಲಿದ್ದ ಹುಡುಗಿ, "ಒಳಗೆ ಜಾಗ ಇದೆ, ಬನ್ನಿ ಅಮ್ಮಾ," ಎಂದು ಹತ್ತು ದಿನದ ಕಾರ್ಯಕ್ರಮ ಅಚ್ಚಾಗಿದ್ದ ಒಂದು ಹಾಳೆ ಕೊಟ್ಟಳು. ನಂಜಪ್ಪನವರು ಹೆಂಡತಿಯ ಮೊಣಕೈ ಹಿಡಿದು ಎಳೆದುಕೊಂಡೇ ಹೋದರು. ಹಾಳೆಯನ್ನು ರುದ್ರಮ್ಮ ಚೀಲಕ್ಕೆ ಸೇರಿಸಿದರು.

ಆವತ್ತು ರೈಲು ಐವತ್ತು ನಿಮಿಷ ತಡ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಇಬ್ಬರೂ ಸುಮ್ಮನೆ ಕೂತಿದ್ದರು. ಅಷ್ಟು ಹೊತ್ತಿನಲ್ಲಿ ಒಂದಲ್ಲ, ಮೂರು ಹಾಡು ಕೇಳಬಹುದಿತ್ತು. ಹಾಗಂತ ರುದ್ರಮ್ಮ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾಗಿ ಮುಗಿದುಹೋಗುತ್ತಿತ್ತು. ಅನ್ನದೇ ಇದ್ದದ್ದರಿಂದ ಆ ಐವತ್ತು ನಿಮಿಷ ನಂಜಪ್ಪನವರ ಎದೆಯಲ್ಲಿ ಹಾಗೇ ಉಳಿದಿತ್ತು.

* * *

"ಆ ಮದ್ವೆ ದಿನ ಸಿಕ್ಕಿದ ಹಾಳೇಲಿ ಒಂದು ನಂಬರಿತ್ತಂತೆ ಮಾವ," ಹೇಮಾಶ್ರೀ ಹೇಳಿದಳು. "ಮಾರನೇ ವರ್ಷ ಅತ್ತೆ ಫೋನ್ ಮಾಡಿ, 'ಈ ಸಲ ಯಾವತ್ತಿಂದ?' ಅಂತ ಕೇಳವ್ರೆ. ಫೋನ್ ಎತ್ತಿದ ಪುಣ್ಯಾತ್ಮ ಗ್ರೂಪಿಗೆ ಸೇರಿಸ್ದ. ಅಲ್ಲಿ ನೋಡುದ್ರೆ ಎಲ್ರೂ ಮೆಟ್ಟಿಲೆಷ್ಟು, ಬಸ್ಸು ಯಾವ್ದು ಅಂತ ಕೇಳೋರೇ, ಹೇಳೋರು ಒಬ್ರೂ ಇಲ್ಲ. ಅತ್ತೆ ಮಧ್ಯಾಹ್ನದ ಹೊತ್ತು ಒಂದೊಂದೇ ಸಂಗೀತ ಸಭೆಗೆ ಫೋನ್ ಮಾಡಿ ಕೇಳಕ್ಕೆ ಶುರು ಮಾಡುದ್ರು."

ಮಧ್ಯಾಹ್ನದ ಫೋನು ನಂಜಪ್ಪನವರಿಗೆ ಗೊತ್ತಿತ್ತು. ಯಾರ ಜೊತೆಯೇ ಇಷ್ಟು ಮಾತು ಅಂದರೆ, "ಮೆಟ್ಟಿಲು ಎಷ್ಟು ಅಂತ ಕೇಳ್ತಿದ್ದೆ," ಅನ್ನುತ್ತಿದ್ದಳು. ಯಾವುದೋ ದೇವಸ್ಥಾನದ ವಿಚಾರ ಇರಬೇಕೆಂದು ಇವರು ನಿದ್ದೆಗೆ ಹೊರಳುತ್ತಿದ್ದರು.

ಪುಷ್ಪಲತಾ ಕುಸಿದು ಕೂತರು. "ಮೆಟ್ಟಿಲೆಷ್ಟಮ್ಮಾ ಅಂತ ಸಾವಿರ ಸಲ ಕೇಳಿದೀನಿ. ನೀವು ಎಲ್ಲಿಂದ, ಹೇಗೆ ಬರ್ತೀರಮ್ಮಾ ಅಂತ ಒಂದು ಸಲ ಬಾಯಿಗೆ ಬರ್ಲಿಲ್ವಲ್ಲ ನಂಗೆ! ಎಂಥ ಜನ ನಾವು!"

"ನೀವ್ಯಾಕಮ್ಮ, ಮನೇಲಿ ನಾನಿದ್ನಲ್ಲ," ಎಂದರು ನಂಜಪ್ಪನವರು. ಸೊಸೆಯ ಕಡೆ ತಿರುಗಿ ಕೇಳಿದರು, "ನನ್ನ ಒಂದು ಮಾತು ಕೇಳ್ಬೋದಿತ್ತಲ್ಲವ್ವ ಅವಳು?"

"ಕೇಳುದ್ರು ಮಾವ. ಎರಡು ವರ್ಷ ಕೇಳುದ್ರು. ಹರಾಜು ಮುಗೀಲಿ, ಕಾಯಿ ಕೀಳ್ಸಿ ಆಗ್ಲಿ ಅಂದ್ರಿ. ಆಮೇಲೆ ಬಿಟ್ಬಿಟ್ರು. ನಾನು ಕರ್ಕೊಂಡೋಗ್ತೀನಿ ಬನ್ನಿ ಅಂದ್ರೆ ಬರ್ಲಿಲ್ಲ. 'ಎಳ್ಕಂಡು ಬಂದೋರೇ ಕರ್ಕೊಂಡೋಗಿ ಕೂರಿಸ್ಬೇಕು ಕಣೇ' ಅಂದ್ರು."

ಅಬ್ಬಾ, ಹಟಮಾರಿ! ನಂಜಪ್ಪನವರಿಗೆ ಸಿಟ್ಟೇ ಬಂತು. ತಿರುಗಿ ಹೆಂಡತಿಯ ಮುಖ ನೋಡಿದರು.

ಹೇಮಾಶ್ರೀ ಒಳಗಿನಿಂದ ಒಂದು ನೋಟ್‌ಬುಕ್ ತಂದು ಕೊಟ್ಟಳು. ದಿನಕ್ಕೊಂದು ಪುಟ. ದುಂಡಗಿನ ಅಕ್ಷರ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಬೀಳುವ ಮುಂಚೆಯೇ ರುದ್ರಮ್ಮ ಇವತ್ತಿನ ಪುಟವನ್ನೂ ಬರೆದಿಟ್ಟಿದ್ದರು. ಪ್ರತಿ ಪುಟದ ಕೊನೆಯಲ್ಲೂ ಗ್ರೂಪಿಗೆ ಕಳಿಸದ ಒಂದು ಸಾಲಿತ್ತು. ನಂಜಪ್ಪನವರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಅರಸೀಕೆರೆ ರೈಲು 11.20. ವಾಪಸ್ಸು 9.00. ಇಬ್ಬರು."

ಹಿಂದಿನ ಪುಟ ತಿರುಗಿಸಿದರು. ಇಬ್ಬರು. ಅದರ ಹಿಂದಿನದು. ಇಬ್ಬರು. ಯುಗಾದಿಯ ದಿನ, ಹರಾಜಿನ ದಿನ, ಮೊಮ್ಮಗಳ ನಾಮಕರಣದ ಮಾರನೇ ದಿನ. ಇಬ್ಬರು.

ಅಷ್ಟರಲ್ಲಿ ರುದ್ರಮ್ಮನ ಫೋನು ಬಡಿದುಕೊಂಡಿತು. ಹೆಸರು ನೋಡಿ ಹೇಮಾಶ್ರೀ ಗಾಬರಿಯಾದಳು.

"ಶರತ್ಚಂದ್ರ ಅಂತ ಮಾವ, ಬೆಂಗಳೂರಿನೋರು. ಕಣ್ಣು ಕಾಣಲ್ಲ ಪಾಪ, ಗ್ರೂಪು ಓದಕ್ಕಾಗಲ್ಲ. ದಿನಾ ಫೋನ್ ಮಾಡಿ ಅತ್ತೆ ಹತ್ರ ಓದಿಸ್ಕೋತಿದ್ರು. ವಿಷಯ ಗೊತ್ತಿಲ್ಲ ಅನ್ಸುತ್ತೆ. ಏನು ಹೇಳ್ಲಿ?"

"ಕೊಡಿಲ್ಲಿ."

ಆ ಕಡೆಯಿಂದ ಮುದಿ ದನಿ ಖುಷಿಯಾಗಿ ಕೇಳಿತು, "ಅಮ್ಮಾ, ಇವತ್ತು ಕಚೇರಿ ಎಲ್ಲಿ?"

"ನಾನು ಅವಳ ಯಜಮಾನ. ನಂಜಪ್ಪ ಅಂತ."

"ಓ, ನಮಸ್ಕಾರ ಸರ್. ಅಮ್ಮ ಇಲ್ವಾ?"

"ಇಲ್ಲೇ ಕೂತವ್ಳೆ. ನಾನು ಓದ್ತೀನಿ, ಕೇಳಿ."

ಸುತ್ತ ಇದ್ದವರೆಲ್ಲ ಅವರ ಕಡೆ ತಿರುಗಿದರು. ನಂಜಪ್ಪನವರು ಶಾಲೆಯ ಮಕ್ಕಳ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. "ರಾಮೋತ್ಸವದ ಚಪ್ಪರ. ಆರೂಕಾಲಿಗೆ. ಪಿಟೀಲು. ಬಸ್ಸಿಳಿದು ಎಡಕ್ಕೆ ಬಂದರೆ ಔಷಧಿ ಅಂಗಡಿ, ಅದರ ಪಕ್ಕದ್ದೇ ಗೇಟು. ಮೆಟ್ಟಿಲಿಲ್ಲ. ಗೇಟಿನ ಹತ್ತಿರ ಒಂದು ಕಲ್ಲು ಎದ್ದಿದೆ, ಹುಷಾರು. ಬೇಗ ಹೋದರೆ ಮೊದಲ ಸಾಲು ಸಿಗುತ್ತದೆ."

ಆ ಗೇಟು ಅವರಿಗೆ ಗೊತ್ತಿತ್ತು. ಎದ್ದ ಕಲ್ಲೂ ಗೊತ್ತಿತ್ತು. ಹೆಂಡತಿಯನ್ನು ಎಳೆದಾಗ ಅವಳು ಎಡವಿದ್ದು ಅದೇ ಕಲ್ಲಿಗೆ.

"ಅಷ್ಟೇನಾ ಸರ್?"

ನಂಜಪ್ಪನವರ ಬೆರಳು ಕೊನೆಯ ಸಾಲಿನ ಮೇಲಿತ್ತು. "ಅಷ್ಟೇ," ಎಂದರು.

"ಅಲ್ಲೂ ಏನೋ ಹಾಡ್ತಿದಾರಲ್ಲ ಸರ್?"

"ಹೂಂ. ಇಲ್ಲೂ ಐತೆ ಇವತ್ತು."

"ಸಂತೋಷ. ಹಾಗಾದ್ರೆ ಅಮ್ಮ ನೆಮ್ಮದಿಯಾಗಿ ಕೇಳ್ಲಿ. ನಾನು ಇಡ್ತೀನಿ."

ಪುಷ್ಪಲತಾ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತರು. ಭಜನೆ ನಿಂತಿತು. ಅಯ್ಯನವರು ಎದ್ದು ಪಂಚೆ ಕೊಡವಿಕೊಂಡರು.

"ಮೂರಾತು ನಂಜಪ್ಪೋರೇ. ಎತ್ತಣ."

ತಂಡದವರು ಹಾರ್ಮೋನಿಯಂ ಮುಚ್ಚತೊಡಗಿದರು.

"ಮುಚ್ಬ್ಯಾಡ್ರಪ್ಪ," ಎಂದರು ನಂಜಪ್ಪನವರು. "ಒಂದು ಹಾಡಾಗ್ಲಿ. ಒಂದೇ ಒಂದು."

"ಹೊತ್ತು ಮೀರ್ತದಲ್ಲ? ನೀವೇ ಹೇಳಿದ್ರಿ..."

"ಮೀರ್ಲಿ ಬಿಡಿ ಅಯ್ನೋರೇ."

ಅವರು ಜಗುಲಿ ಹತ್ತಿದರು. ಹೆಂಡತಿಯ ಪಕ್ಕದಲ್ಲಿ ಚೆಲ್ಲಿದ್ದ ಬಿಲ್ವಪತ್ರೆಯನ್ನು ಕೈಯಿಂದ ಸರಿಸಿ, ಹೆಗಲ ಟವಲನ್ನು ಹಾಸಿ, ಅವಳ ಭುಜಕ್ಕೆ ಭುಜ ತಾಗಿಸಿ ಹಾಡುವವರ ಎದುರಿಗೆ ಕೂತರು.