ನನ್ನ ಕೈಗೆ ಬಗ್ಗದ ಬೀಗ

ಮರಿ, ಫೋನು ಎತ್ತಲ್ಲ ನೀನು, ಅದಕ್ಕೇ ಹೀಗೆ ಮಾತಾಡಿ ಕಳಿಸ್ತಾ ಇದೀನಿ. ಉದ್ದ ಆಗುತ್ತೆ, ಕೂತ್ಕೊಂಡು ಕೇಳು. ಐವತ್ತೆಂಟಾದ ಮೇಲೂ ಭಾವ ಮರಿ ಅಂತ ಕರೀತಾನೆ ಅಂತ ಬೇಜಾರಿದ್ರೆ ನಿನ್ನಕ್ಕನ ಹತ್ರ ಹೇಳ್ಕೋ.

ನಿಮ್ಮಪ್ಪ ತೀರಿಕೊಂಡ ತಿಂಗಳಿಗೆ ನಮ್ಮ ನಡುಮನೇಲಿ ಕೂತು ನೀನು ಏನಂದೆ, ನೆನಪಿದೆಯಾ? "ಭಾವ, ಆ ಹಳೇ ರೈಫಲ್ ಪೊಲೀಸರಿಗೆ ಒಪ್ಪಿಸಿಬಿಡಿ. ಇಲ್ಲಾ ನಳಿಗೆಗೆ ವೆಲ್ಡಿಂಗ್ ಹೊಡೆಸಿ ಗೋಡೆಗೆ ನೇತುಹಾಕಿ. ಅರವತ್ತೇಳು ವರ್ಷದ ಅಕ್ಕನಿಗೆ ಯಾರು ಪರ್ಮಿಟ್ ಕೊಡ್ತಾರೆ?" ಅಂದೆ. ನಾನೂ ತಲೆ ಆಡಿಸಿದೆ, ಸುಳ್ಳು ಯಾಕೆ ಹೇಳಲಿ. ಅವಳು ಎದ್ದು ಒಳಗೆ ಹೋದಳು. ಟೀ ಮಾಡೋಕೆ ಅಂದ್ಕೊಂಡ್ವಿ. ಅರ್ಧ ಗಂಟೆಯಾದ್ರೂ ಟೀ ಬರಲಿಲ್ಲ. ಹೋಗಿ ನೋಡಿದ್ರೆ ಮಂಚದ ಮೇಲೆ ಕೂತು ರೈಫಲ್‌ಗೆ ಎಣ್ಣೆ ಬಟ್ಟೆ ಸುತ್ತುತ್ತಾ ಇದ್ದಳು, ಹಸುಗೂಸಿಗೆ ಸುತ್ತಿದ ಹಾಗೆ.

ಸೈನ್ಯದಲ್ಲಿ ಬಂದೂಕು ರಿಪೇರಿ ಮೇಸ್ತ್ರಿಯಾಗಿದ್ದ ಮನುಷ್ಯ ನಿಮ್ಮಪ್ಪ. ನಿನ್ನಕ್ಕ ಕೂಸಾಗಿದ್ದಾಗ ಸೈನ್ಯದವರು ಹಳೇ ಸಾಮಾನು ಹರಾಜು ಹಾಕಿದ್ರಂತೆ, ಅದರಲ್ಲಿ ತಗೊಂಡಿದ್ದು ಅದು. ರಸೀದಿ ಇದೆ. ಒಂದು ಗುಂಡೂ ಹಾರಿಸಿದವರಲ್ಲ, ಆದ್ರೆ ಅರವತ್ತು ವರ್ಷಕ್ಕೂ ಮೇಲೆ ಆ ನಳಿಗೆ ಒಳಗೆ ಧೂಳು ಕೂರೋಕೆ ಬಿಡಲಿಲ್ಲ. "ಅದರೊಳಗೆ ವೆಲ್ಡಿಂಗ್ ಸುರೀಬೇಕಾ?" ಅಂತ ಅವಳು ನನ್ನನ್ನ ಒಂದೇ ಸಲ ಕೇಳಿದ್ದು.

ಮಾರನೇ ದಿನ ಲೈಸೆನ್ಸ್ ಆಫೀಸಿಂದ ನಿಯಮದ ಪುಸ್ತಕ ತಂದಳು. ಕಷ್ಟದ್ದೇನಲ್ಲ, ಆದ್ರೆ ಕಟ್ಟುನಿಟ್ಟು. ಮಾಲೀಕ ಸತ್ತ ಆರು ತಿಂಗಳೊಳಗೆ ವಾರಸುದಾರರು ಸಂಗ್ರಹಕಾರರ ಪರ್ಮಿಟ್ ತಗೋಬೇಕು. ಇಲ್ಲಾಂದ್ರೆ ಆಫೀಸಿನವರು ಒಯ್ದು ಕತ್ತರಿಸಿ ಕುಲುಮೆಗೆ ಹಾಕ್ತಾರೆ. ಬಂದೂಕಿಗೆ ಐವತ್ತು ವರ್ಷ ಮೀರಿರಬೇಕು. ಮೈ ಮೇಲಿನ ನಂಬರೂ ಬೋಲ್ಟಿನ ನಂಬರೂ ಒಂದೇ ಇರಬೇಕು. ಬೋಲ್ಟು ಅಂದ್ರೆ ಹಿಂದೆ ಎಳೆದು ತಳ್ಳೋ ಉಕ್ಕಿನ ತುಂಡು, ಅದಿಲ್ಲದೆ ಬಂದೂಕು ಬರೀ ದೊಣ್ಣೆ. ಮನೇಲಿ ಒಂದು ಗುಂಡೂ ಇರಕೂಡದು. ಬೋಲ್ಟನ್ನ ಬಿಚ್ಚಿ ಬೇರೆ ಬೀರುವಲ್ಲಿ ಬೀಗ ಹಾಕಿಡಬೇಕು. ಆ ಬೀಗ ಪರ್ಮಿಟ್ ಇರೋರನ್ನ ಬಿಟ್ಟು ಮನೇಲಿ ಬೇರೆ ಯಾರಿಗೂ ತೆಗೆಯೋಕೆ ಬರಬಾರದು.

ಬೀಗ ಅಂದ ತಕ್ಷಣ ನನ್ನ ಎದೆ ಉಬ್ಬಿತು. ನಲವತ್ತಮೂರು ವರ್ಷದಿಂದ ಊರಿನ ಬೀಗ ರಿಪೇರಿ ಮಾಡ್ತಿರೋನು ನಾನು. ಒಳ್ಳೇದೊಂದು ಮಾಡಿಕೊಡ್ತೀನಿ ಅಂದೆ. "ಬೇಡ ರೀ" ಅಂದಳು. ಹೋಗಿ ತಂದಿದ್ದೆಲ್ಲಿಂದ? ಸೋಡಾಬುಡ್ಡಿ ಅಂಗಡಿಯಿಂದ. ನಮ್ಮ ಅಂಗಡಿ ಎದುರಿಗೇ ಮೂವತ್ತು ವರ್ಷದಿಂದ ಕೂತಿದಾನಲ್ಲ ಆ ದಪ್ಪ ಕನ್ನಡಕದವನು, ಬೀಗದ ಕೆಲಸ ಅಂದ್ರೆ ಗುದ್ದಲಿ ಕೆಲಸ ಅಂದ್ಕೊಂಡಿರೋನು. ಅವನು ಬೀಗ ಕಟ್ಟಿಕೊಡುವಾಗ ನನ್ನ ಕಡೆ ನೋಡಿ ಕೈ ಬೇರೆ ಬೀಸಿದ. ಮೂರು ತಿಂಗಳು ನಾನು ನಿನ್ನಕ್ಕನ ಹತ್ರ ಬೇಕಾದಷ್ಟೇ ಮಾತಾಡಿದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ ಅಂತ ಕಾಣುತ್ತೆ, ಆರಾಮಾಗಿದ್ದಳು.

ಆರನೇ ತಿಂಗಳ ಕೊನೇ ವಾರ ತನಿಖೆಗೆ ಬಂದ್ರು. ಇನ್ಸ್‌ಪೆಕ್ಟರಮ್ಮ ಒಬ್ಬರೇ. ಸಣ್ಣಗಿದ್ರು, ಕೈಲಿ ಫೈಲು, ಭೂತಗನ್ನಡಿ. ರೈಫಲ್ ಮೇಜಿನ ಮೇಲಿಟ್ಟು ನಂಬರ್ ಹುಡುಕೋಕೆ ಬಗ್ಗಿದ್ರು. ನಿನ್ನಕ್ಕ ಕಿಟಕಿ ಹತ್ರ ನಿಂತೇ ಆರೂ ಅಂಕಿ ಹೇಳಿದಳು. ಯಾವ ಅಂಕಿಯ ಬಾಲ ಸವೆದಿದೆ ಅನ್ನೋದನ್ನೂ ಸೇರಿಸಿ.

"ಬಾಯಿಪಾಠ ಮಾಡಿದ್ರಾ?" ಅಂದ್ರು ಇನ್ಸ್‌ಪೆಕ್ಟರಮ್ಮ.

"ಅಪ್ಪ ಒರೆಸುವಾಗ ಪಕ್ಕದಲ್ಲಿ ಕೂತು ಅಂಕಿ ಕಲಿತಿದ್ದೇ ಅದರಲ್ಲಿ."

ಅವರ ಮುಖ ಸ್ವಲ್ಪ ಸಡಿಲ ಆಯ್ತು. ಆಮೇಲೆ ನನ್ನ ಕಡೆ ತಿರುಗಿ, ಏನೋ ಹವಾಮಾನ ವಿಚಾರಿಸೋ ಥರ, "ಯಜಮಾನ್ರೇ, ಬೀರು ಕೀ ಎಲ್ಲಿಡ್ತಾರೆ?" ಅಂದ್ರು.

ಮರಿ, ನಿನಗೇ ಗೊತ್ತಲ್ಲ, "ಗೊತ್ತಿಲ್ಲ" ಅನ್ನೋ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ದಾರಿ ಕೇಳಿದವರಿಗೆ ಗೊತ್ತಿಲ್ಲದ ಊರಿಗೂ ದಾರಿ ಹೇಳಿರೋನು ನಾನು. ಆವತ್ತು ಮಾತ್ರ "ಗೊತ್ತಿಲ್ಲಮ್ಮ, ನನಗೆ ಹೇಳಿಲ್ಲ" ಅಂದೆ. ಅವರು ಬರ್ಕೊಂಡ್ರು. ಅದೇ ಸರಿಯಾದ ಉತ್ತರ ಅಂತೆ. ಗೊತ್ತು ಅಂದಿದ್ರೆ ಫೈಲು ಅಲ್ಲೇ ಮುಚ್ಚೋದಂತೆ.

ಗೆದ್ವಿ ಅಂದ್ಕೊಂಡೆ. ಅವರು ಹಾಳೆ ತಿರುವಿ, ಬೆರಳಿಟ್ಟು ನಿಂತುಬಿಟ್ರು. "ಪತಿಯ ಉದ್ಯೋಗ, ಬೀಗ ರಿಪೇರಿ." ತಲೆ ಎತ್ತಿ ನಿನ್ನಕ್ಕನ್ನ ನೋಡಿದ್ರು. "ಅಮ್ಮಾ, ಹಾಗಾದ್ರೆ ಕೀ ಯಾರ ಹತ್ರ ಇದ್ದು ಏನು ಬಂತು? ಇವರು ಮನಸ್ಸು ಮಾಡಿದ್ರೆ ತೆಗೀತಾರಲ್ಲ. ಇದನ್ನ ನಾನು ಪಾಸ್ ಮಾಡೋಕಾಗಲ್ಲ."

ನಲವತ್ತಮೂರು ವರ್ಷ ಅನ್ನ ಹಾಕಿದ ಕೆಲಸವೇ ನಿಮ್ಮಪ್ಪನ ರೈಫಲನ್ನ ಕುಲುಮೆಗೆ ಕಳಿಸ್ತಾ ಇತ್ತು. ನಿನ್ನಕ್ಕ ಮಾತ್ರ ಹುಬ್ಬೂ ಕೊಂಕಿಸಲಿಲ್ಲ. "ತೆಗೀಲಿ ನೋಡೋಣ. ನೀವೇ ಟೈಮ್ ಇಡಿ" ಅಂದಳು.

ಆಮೇಲೆ ನನ್ನ ಹತ್ರ ಬಂದು, ಮೆಲ್ಲಗೆ, ಆದ್ರೆ ಅವರಿಗೂ ಕೇಳೋ ಹಾಗೆ, "ಬೇಕಂತ ಸೋಲೋ ನಾಟಕ ಬೇಡ. ನಾನು ಸುಳ್ಳಿಗೆ ಸಹಿ ಹಾಕಲ್ಲ. ನಿಮ್ಮ ಕೈ ಸುಮ್ಮನಿದ್ರೆ ನನಗೆ ಗೊತ್ತಾಗುತ್ತೆ" ಅಂದಳು.

ಸೋಡಾಬುಡ್ಡಿ ಬೀಗ ತಾನೇ, ಐದು ನಿಮಿಷದ ಕೆಲಸ. ಅವಳ ರೈಫಲ್ ನನ್ನ ಕೈಯಿಂದಲೇ ಹೋಗುತ್ತಲ್ಲ ಅಂದ್ಕೊಂಡೆ. ಆದ್ರೆ ಅವಳು ಹೇಳಿದ ಮೇಲೆ ಮುಗೀತು. ಚೀಲ ಬಿಚ್ಚಿದೆ, ಕೀ ಇಲ್ಲದೆ ಬೀಗ ತೆಗೆಯೋ ಕಡ್ಡಿಗಳನ್ನ ತೆಗೆದೆ, ಮಂಡಿ ಊರಿದೆ. ಇನ್ಸ್‌ಪೆಕ್ಟರಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಅರ್ಧ ಗಂಟೆ" ಅಂದ್ರು.

ಆ ಬೀಗದೊಳಗೆ ಆರು ತಗಡು, ಒಂದೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿ ನಿಲ್ಲಿಸಬೇಕು. ಒಂದು ನಿಂತಿತು, ಎರಡು ನಿಂತಿತು. ಮೂರನೇದು ನಿಂತ ಹಾಗೆ ಮಾಡಿ, ಮುಂದಿನದನ್ನ ಮುಟ್ಟಿದ ತಕ್ಷಣ ಎಲ್ಲಾ ಬಿತ್ತು. ಮತ್ತೆ ಶುರು. ಮತ್ತೆ ಮೂರನೇದರಲ್ಲೇ ಬಿತ್ತು. ಹತ್ತು ನಿಮಿಷಕ್ಕೆ ಅಂಗಿ ಒದ್ದೆ. ಯಾರೋ ಮೂರನೇ ತಗಡಿಗೆ ಸುಳ್ಳು ಕಚ್ಚು ಕೊರೆದಿದ್ರು. ಕಡ್ಡಿ ಅಲ್ಲಿಗೆ ಹೋಗಿ ಕೂತು, ಗೆದ್ದೆ ಅಂತ ಮೋಸ ಹೋಗುತ್ತೆ.

ಸೋಡಾಬುಡ್ಡಿಗೆ ಅಷ್ಟು ತಲೆ ಎಲ್ಲಿಂದ ಬರಬೇಕು? ಕಡ್ಡಿ ತುದಿಯಿಂದ ಆ ಕಚ್ಚನ್ನ ಮೆಲ್ಲಗೆ ಸವರಿದೆ. ಅವನು ಅರದಿಂದ ಕಬ್ಬಿಣ ಉಜ್ಜಿದ್ರೆ ಗರಗಸ ಎಳೆದ ಹಾಗಿರುತ್ತೆ. ಇದು ನುಣ್ಣಗೆ, ಒಂದೇ ದಿಕ್ಕಿಗೆ ಉಜ್ಜಿದ್ದು. ಹಾಗೆ ಉಜ್ಜೋರನ್ನ ನಾನು ಒಬ್ಬರನ್ನೇ ನೋಡಿದ್ದು, ನಿಮ್ಮಪ್ಪನ್ನ. ಅವರ ಅರಗಳ ಡಬ್ಬಿ ಯಾರ ಟ್ರಂಕಿನಲ್ಲಿದೆ, ನೀನೇ ಹೇಳು.

ತಿರುಗಿ ನೋಡಿದೆ. ನಿನ್ನಕ್ಕ ಗೋಡೆ ಮೇಲಿನ ಕ್ಯಾಲೆಂಡರ್ ಓದ್ತಾ ನಿಂತಿದ್ದಳು.

ಆಗ ಅರ್ಥ ಆಯ್ತು. ನಲವತ್ತಮೂರು ವರ್ಷ ಮಧ್ಯಾಹ್ನ ಬುತ್ತಿ ತಂದು, ನಾನು ಉಣ್ಣೋವರೆಗೂ ಅಂಗಡೀಲಿ ಕೂತು ಬಾಯಿ ಮುಚ್ಕೊಂಡು ನೋಡಿದಾಳೆ. ಮೂರನೇ ತಗಡು ಬಂದಾಗ ನನ್ನ ಹೆಬ್ಬೆರಳು ಒಂದು ಚೂರು ಜಾಸ್ತಿ ಒತ್ತುತ್ತೆ. ಅದು ನನಗೇ ಗೊತ್ತಿರಲಿಲ್ಲ. ಅಷ್ಟು ಒತ್ತೋನು ಬಂದು ಬೀಳಲಿ ಅಂತಲೇ ಬೀಗ ಬಿಚ್ಚಿ ಕೊರೆದಿದಾಳೆ. ಗೊತ್ತಾದ ಮೇಲೂ ಬಿಡಲಿಲ್ಲ ನಾನು. ಕೈ ಹಗುರ ಮಾಡಿದೆ, ಉಸಿರು ಹಿಡಿದೆ, ಎಡದಿಂದ ಬಂದೆ, ಬಲದಿಂದ ಬಂದೆ. ಮುದಿ ಹೆಬ್ಬೆರಳು ಈಗ ಹೊಸ ಪಾಠ ಕಲಿಯುತ್ತಾ? ಪ್ರತಿ ಸಲ ಬಿತ್ತು.

"ಆಯ್ತು" ಅಂದ್ರು ಇನ್ಸ್‌ಪೆಕ್ಟರಮ್ಮ.

ಕಡ್ಡಿ ಕೆಳಗಿಟ್ಟೆ. "ನನ್ನ ಕೈಲಿ ಆಗಲ್ಲಮ್ಮ" ಅಂದೆ. ಒಂದೇ ದಿನ ಗೊತ್ತಿಲ್ಲ ಅಂದೆ, ಆಗಲ್ಲ ಅಂತಲೂ ಅಂದೆ. ಹೇಳಿ ಎದ್ದಾಗ ಮಂಡಿ ನೋಯ್ತಾ ಇತ್ತೇ ಹೊರತು ಮನಸ್ಸಿಗೆ ಏನೂ ಆಗಿರಲಿಲ್ಲ. ಮದುವೆ ದಿನವೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಆಮೇಲೆ ನಿನ್ನಕ್ಕ, "ರೀ, ಗೋಡೆ ಕಡೆ ತಿರುಗಿ" ಅಂದಳು. ಸ್ವಂತ ಮನೇಲಿ ಶಾಲೇ ಹುಡುಗನ ಥರ ಗೋಡೆ ನೋಡ್ತಾ ನಿಂತೆ. ಕೀ ಎಲ್ಲಿಂದ ತೆಗೆದಳೋ ಗೊತ್ತಿಲ್ಲ. ಕಟಕ್ ಅಂತ ಒಂದೇ ಸದ್ದು. ಬೋಲ್ಟು ಬಂತು, ನಂಬರ್ ಕೂಡಿತು, ಅವಳು ಸಹಿ ಹಾಕಿದಳು. ಹೋಗುವಾಗ ಇನ್ಸ್‌ಪೆಕ್ಟರಮ್ಮ ಅವಳ ಕೈ ಕುಲುಕಿದ್ರು. ನನಗೆ ಬರೀ ತಲೆ ಆಡಿಸಿದ್ರು. ಸರಿಯಾಗೇ ಇತ್ತು.

ನಿನ್ನೆ ಪರ್ಮಿಟ್ ಬಂತು, ನಿನ್ನಕ್ಕನ ಹೆಸರಲ್ಲಿ. ಜೊತೆಗೆ ತನಿಖೆ ವರದಿ ನಕಲು, ಸರ್ಕಾರಿ ಮೊಹರು ಹೊಡೆದದ್ದು. ಅದರಲ್ಲಿ ಬರೆದಿದೆ: "ಅರ್ಜಿದಾರರ ಪತಿ, ವೃತ್ತಿಯಲ್ಲಿ ಬೀಗ ರಿಪೇರಿಗಾರರು, ಮೂವತ್ತು ನಿಮಿಷ ಪ್ರಯತ್ನಿಸಿದರು. ತೆರೆಯಲು ಸಾಧ್ಯವಾಗಲಿಲ್ಲ." ಅದಕ್ಕೆ ಕಟ್ಟು ಹಾಕಿಸಿ ಅಂಗಡೀಲಿ, ಗಿರಾಕಿಗಳ ಕಣ್ಣಿಗೆ ಬೀಳೋ ಹಾಗೆ ಮೊಳೆ ಹೊಡೆದು ಹಾಕಿದೀನಿ. ಸೋಡಾಬುಡ್ಡಿ ರಸ್ತೆ ದಾಟಿ ಬಂದು ಕನ್ನಡಕ ಎತ್ತಿ ಎತ್ತಿ ಓದಿದ. "ನನ್ನ ಬೀಗ" ಅಂದ. "ನಿನ್ನ ಡಬ್ಬ, ನನ್ನ ಹೆಂಡತಿ ಬೀಗ" ಅಂದೆ.

ಮುಂದಿನ ಸಲ ಬಂದಾಗ ಅಪ್ಪನ ರೈಫಲ್ ನೋಡಬೇಕು ಅನ್ನಿಸಿದ್ರೆ ನಿನ್ನಕ್ಕನ್ನೇ ಕೇಳು, ಮರ್ಯಾದೆಯಿಂದ ಕೇಳು. ಅವಳು ಬೀರು ತೆಗೆಯುವಾಗ ನೀನೂ ನನ್ನ ಪಕ್ಕ ಬಂದು ಗೋಡೆ ಕಡೆ ತಿರುಗಿ ನಿಂತ್ಕೋಬೇಕು. ಜಾಗ ಇದೆ.