ಕೆಂಪು ದಾರದ ಕುರ್ಚಿ

"ನಲವತ್ತು ಸಾಕು ಅಂದ್ರೆ ಸಾಕು!" ಎನ್ನುತ್ತ ಮಗಳು ಕಂಬದಣ್ಣನ ಕೈಯಲ್ಲಿದ್ದ ಕುರ್ಚಿಗಳನ್ನು ಹಿಡಿದೆಳೆದಳು. "ಅಪ್ಪನ್ನ ನೋಡೋಕೆ ಇನ್ನೆಷ್ಟು ಜನ ಬರ್ತಾರೆ? ಇರೋದೇ ನಾವು ನಾಲ್ಕು ಮನೆಯವರು."

ಕಂಬದಣ್ಣ ಬಿಡಲಿಲ್ಲ. ಒಂದರೊಳಗೊಂದು ಸೇರಿಸಿದ್ದ ಹತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಗವಚಿಕೊಂಡೇ, "ನೂರಿಪ್ಪತ್ತು ಹಾಕ್ತೀನಿ ಪುಟ್ಟಿ. ಬೆಳಿಗ್ಗೆಯಿಂದ ಫೋನ್ ಮಾಡಿದ್ದೀನಿ," ಎಂದ.

"ಯಾರಿಗೆ?"

"ಬುಕಿಂಗ್ ಪುಸ್ತಕದಲ್ಲಿ ಇದ್ದೋರಿಗೆಲ್ಲ."

ಮಗಳು ಹಣೆ ಹಣೆ ಚಚ್ಚಿಕೊಂಡಳು. ಬಾಡಿಗೆಗೆ ಕುರ್ಚಿ ಒಯ್ದವರನ್ನೆಲ್ಲ ಸಾವಿಗೆ ಕರೆಯುವುದು ಎಲ್ಲಾದರೂ ಉಂಟೇ? ಆದರೆ ಕಂಬದಣ್ಣನಿಗೆ ಹೇಳಿ ಗೆದ್ದವರಿಲ್ಲ. ಅಪ್ಪನ ಶಾಮಿಯಾನದ ಅಂಗಡಿಯಲ್ಲಿ ಮೂವತ್ತೆಂಟು ವರ್ಷದಿಂದ ಕಂಬ ನಿಲ್ಲಿಸಿದವನು, ನೋಡುವುದಕ್ಕೂ ಹಾಗೇ ಇದ್ದ. ಐವತ್ತರ ಹತ್ತಿರ ಬಂದು ಶಾಲೆಯಲ್ಲಿ ಗಣಿತ ಹೇಳುವ ಹೆಂಗಸು ಅವನ ಲೆಕ್ಕದಲ್ಲಿ ಇನ್ನೂ ಪುಟ್ಟಿ. ಬೆಳಿಗ್ಗೆ ಐದರಿಂದ ಅವನು ಅಳುತ್ತಲೇ ಇದ್ದ, ಕೆಲಸವನ್ನೂ ಮಾಡುತ್ತಲೇ ಇದ್ದ. ಒಂದಕ್ಕೊಂದು ಅಡ್ಡಿಯಾಗಿರಲಿಲ್ಲ.

ಒಳಗಿನಿಂದ ಚಿಕ್ಕಪ್ಪ ಬಂದು ಕುರ್ಚಿಯ ಸಾಲನ್ನು ನೋಡಿ ಮುಖ ಸಿಂಡರಿಸಿದರು. "ಅವನ ಸಾವಿಗೆ ಅವನದೇ ಕುರ್ಚಿಯೇನೋ? ನೋಡಿದವರು ಏನಂದಾರು? ಬೇರೆ ಅಂಗಡಿಯಿಂದ ತರಿಸಬಾರದಿತ್ತಾ?"

"ಬೇರೆಯವರ ಕುರ್ಚಿ ಈ ಬಾಗಿಲಿಗೆ ಬಂದ್ರೆ ಯಜಮಾನ್ರೇ ಎದ್ದು ಬಂದು ನನಗೆ ಒದೀತಾರೆ," ಎಂದ ಕಂಬದಣ್ಣ.

ಚಿಕ್ಕಪ್ಪ ನಗು ತಡೆಯಲು ಮೂಗು ಒರೆಸಿಕೊಳ್ಳುವವರ ಹಾಗೆ ಕರ್ಚೀಫು ತೆಗೆದರು. ಒಳಗೆ ಅಪ್ಪ ಬಿಳಿ ಹೊದಿಕೆಯಡಿಯಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಯಾರೂ ಎಬ್ಬಿಸಬೇಡಿ ಎಂಬಂತೆ ಮಲಗಿದ್ದರು. ಹನ್ನೆರಡಕ್ಕೆ ಗಾಡಿ ಬರುವುದಿತ್ತು.

"ಇನ್ನೊಂದು ವಿಷಯ," ಎಂದು ಕಂಬದಣ್ಣ ದನಿ ತಗ್ಗಿಸಿದ. "ಅವಸರದಲ್ಲಿ ಕೆಂಪು ದಾರದ್ದೊಂದು ಬಂದುಬಿಟ್ಟಿದೆ. ಗೋಡೆ ಪಕ್ಕ ಇಟ್ಟಿದ್ದೀನಿ. ಯಾರೂ ಕೂರದ ಹಾಗೆ ನೋಡ್ಕೋ. ಮತ್ತೆ, ನಾಳೆ ಬೆಳಿಗ್ಗೆ ಸಮುದಾಯ ಭವನದಲ್ಲಿ ಮದುವೆ. ನೂರು ಕುರ್ಚಿ ಒಪ್ಪಿಕೊಂಡಿದ್ರು. ಆಗಲ್ಲ ಅಂತ ಹೇಳಿಬಿಡ್ಲಾ?"

"ಆಮೇಲೆ ನೋಡೋಣ," ಎಂದಳು ಮಗಳು.

ಕೆಂಪು ದಾರವೆಂದರೆ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕುರ್ಚಿ ಹೊರಗೆ ಹೋಗುವ ಹಿಂದಿನ ದಿನ ಅಪ್ಪ ಗೋದಾಮಿನಲ್ಲಿ ಒಂದೊಂದರ ಮೇಲೂ ತಾವೇ ಕೂರುತ್ತಿದ್ದರು. ಬಲಕ್ಕೊಮ್ಮೆ ಹೊರಳಿ, ಎಡಕ್ಕೊಮ್ಮೆ ಹೊರಳಿ, ಎದ್ದು ಮುಂದಿನದಕ್ಕೆ. ನೂರಿದ್ದರೆ ನೂರು, ಮುನ್ನೂರಿದ್ದರೆ ಮುನ್ನೂರು. ಕಾಲು ಬಿರುಕು ಬಿಟ್ಟಿದ್ದರೆ ಹಿಂಗಾಲಿಗೆ ಕೆಂಪು ದಾರ ಕಟ್ಟಿ ಬದಿಗಿಡುತ್ತಿದ್ದರು. ದಾರ ಗಿರಾಕಿಯ ಕಣ್ಣಿಗೆ ಬೀಳಬಾರದು, ನಮ್ಮ ಕಣ್ಣಿಗೆ ತಪ್ಪಬಾರದು ಎನ್ನುವುದು ಅವರ ಲೆಕ್ಕ. ಚಿಕ್ಕವಳಿದ್ದಾಗ ಮಗಳೂ ಅವರ ಹಿಂದೆ ಸಾಲಾಗಿ ಕೂತು ಏಳುತ್ತ ಹೋಗುತ್ತಿದ್ದಳು. ದೊಡ್ಡವಳಾದ ಮೇಲೆ ಬಿಟ್ಟಳು.

ಬೀದಿಯ ತುದಿಯಿಂದಲೇ ಹೂ ಮಾರುವವಳ ದನಿ ಕೇಳಿಸಿತು. "ಅಯ್ಯೋ, ನಮ್ಮ ಬಜೆಟ್ಟಣ್ಣ ಹೋಗಿಬಿಟ್ರಾ!"

ಆ ಹೆಸರು ಕೇಳಿದ್ದೇ ಮಗಳಿಗೆ ಎದೆಯಲ್ಲಿ ಚುಳ್ಳೆಂದಿತು.

* * *

ಆ ದೊಡ್ಡ ಕಾಯಿಲೆ ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿ ಹೋದ ಮೇಲಿನ ಮಾತು. ಹದಿನಾಲ್ಕು ತಿಂಗಳು ಅಪ್ಪನ ಕುರ್ಚಿಗಳು ಗೋದಾಮು ಬಿಟ್ಟು ಕದಲಿರಲಿಲ್ಲ. ಆಗ ಸರ್ಕಾರ, ಮುಗ್ಗರಿಸಿ ಬಿದ್ದ ವ್ಯಾಪಾರ ವಹಿವಾಟನ್ನು ಮೇಲೆತ್ತಲು ಬಜೆಟ್‌ನಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ಕೇಳಲು ಎಲ್ಲ ಉದ್ಯಮದವರ ಸಭೆ ಕರೆಯಿತು. ಸಭೆಗೆ ಮೂವತ್ತು ಕುರ್ಚಿ ಹಾಕುವ ಕೆಲಸ ಅಪ್ಪನಿಗೆ ಸಿಕ್ಕಿತು.

ಅಲ್ಲಿಗೆ ಎಲ್ಲರೂ ಒಪ್ಪುತ್ತಿದ್ದರು. ಮುಂದಿನ ಕಥೆಯನ್ನು ಒಪ್ಪಿದವರಿಲ್ಲ. ಅಪ್ಪ ಹೇಳುವ ಪ್ರಕಾರ ಹಣಕಾಸು ಮಂತ್ರಿಗಳೇ ಅವರನ್ನು ಕರೆದು ಕೂರಿಸಿ, ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರಂತೆ. ಬೀಗ ಹಾಕಿಟ್ಟಿರುವ ಸರ್ಕಾರಿ ಸಮುದಾಯ ಭವನಗಳನ್ನು ಸಣ್ಣ ಸಮಾರಂಭಗಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಿ ಎಂದು ಇವರು ಹೇಳಿದರಂತೆ. ಬಜೆಟ್ ಭಾಷಣದಲ್ಲಿ ಆ ಮಾತು ಬಂದದ್ದು ನಿಜ, ಭವನಗಳ ಬೀಗ ತೆರೆದದ್ದೂ ನಿಜ. "ಆ ಸಾಲು ನಂದು," ಎಂದು ಅಪ್ಪ ಊರೆಲ್ಲ ಸಾರಿದರು.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕಥೆಗೆ ದಿನಕ್ಕೊಂದು ರೆಕ್ಕೆ ಮೂಡಿತು. ಮೊದಲ ವಾರ ಮಂತ್ರಿಗಳು ನಕ್ಕಿದ್ದರು. ಎರಡನೆಯ ವಾರ ಕೈ ಕುಲುಕಿದ್ದರು. ತಿಂಗಳು ತುಂಬುವಾಗ ತಮ್ಮ ಲೋಟದ ಟೀಯಲ್ಲಿ ಅರ್ಧ ಬಗ್ಗಿಸಿ ಕೊಟ್ಟಿದ್ದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕು ಬಜೆಟ್ಟಣ್ಣ ಎಂದು ಹೆಸರಿಟ್ಟರು.

"ಅಷ್ಟು ದೊಡ್ಡವರ ನಡುವೆ ನಿನ್ನನ್ನ ಯಾಕಪ್ಪ ಕರೆದು ಕೂರಿಸಿದ್ರು?" ಎಂದು ಮಗಳು ಕೇಳಿದರೆ ಅಪ್ಪ ಮಾತು ಹಾರಿಸುತ್ತಿದ್ದರು. ಲೆಕ್ಕದ ಮೇಡಂ ಸುಮ್ಮನಿರುವವಳೇ? ಹಳೆಯ ಪತ್ರಿಕೆ ಹುಡುಕಿ ತೆಗೆದಳು. ಭವನಗಳ ಸಲಹೆ ಕೊಟ್ಟದ್ದು ಹೋಟೆಲ್ ಮಾಲೀಕರ ಸಂಘ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು.

ಮೂರು ವರ್ಷದ ಹಿಂದೆ ಅವಳ ಅತ್ತೆ ಮಾವನ ಎದುರು, ಊಟದ ನಡುವೆ, ಅಪ್ಪ ಟೀ ಲೋಟದ ತನಕ ಬಂದಾಗ ಅವಳು ತಟ್ಟೆಯಿಂದ ಕೈ ಎತ್ತಿ ಹೇಳಿದಳು: "ಸಾಕು ಮಾಡಪ್ಪ ಆ ಸುಳ್ಳು. ನಂಗೆ ನಾಚಿಕೆ ಆಗುತ್ತೆ."

ಅಪ್ಪ, "ಆಯ್ತಮ್ಮ," ಎಂದರು. ಆಮೇಲೆ ಮಾವನವರ ಹತ್ತಿರ ಮಳೆ ಬಿಸಿಲಿನ ವಿಷಯ ಮಾತಾಡಿದರು. ಅವಳೆದುರು ಆ ಕಥೆಯನ್ನು ಮತ್ತೆಂದೂ ಎತ್ತಲಿಲ್ಲ.

ಸತ್ಯ ಯಾವುದಾದರೂ ಇರಲಿ, ಆ ಮಾತನ್ನು ಹಾಗೆ ಆಡಬಾರದಿತ್ತು. ಅದು ಅವಳಿಗೆ ಅವತ್ತೇ ಗೊತ್ತಿತ್ತು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದು ಮೂರು ವರ್ಷ ಕಳೆದಿದ್ದಳು.

* * *

ಹನ್ನೊಂದಕ್ಕೆ ಕಂಬದಣ್ಣನ ನೂರಿಪ್ಪತ್ತು ಕುರ್ಚಿಯೂ ತುಂಬಿ ಬೀದಿಯೇ ಮದುವೆ ಮನೆಯಾಗಿತ್ತು. ಅಡುಗೆಯವರು, ಬ್ಯಾಂಡಿನವರು, ಫೋಟೋದವರು, ದೀಪದ ಸರ ಕಟ್ಟುವವರು; ಗಂಡ ಹೆಂಡತಿ ಮಕ್ಕಳ ಸಮೇತ ಬಂದ ಗಿರಾಕಿಗಳು.

"ನಾವು ಮೂವತ್ತು ಕುರ್ಚಿ ಹೇಳಿದ್ವಿ, ಐವತ್ತು ಕಳಿಸಿದ್ರು," ಎನ್ನುತ್ತಿದ್ದಳು ಒಬ್ಬಳು. "ಬೇಡ ಅಂದ್ರೆ, ಮುನಿಸಿಕೊಂಡೋರು ಕೊನೇ ಗಳಿಗೇಲಿ ಬರ್ತಾರೆ, ಅವರನ್ನ ನಿಲ್ಲಿಸಬೇಡಿ ಅಂದ್ರು. ನಿಜವಾಗ್ಲೂ ನಮ್ಮ ಭಾವ ಬಂದೇಬಿಟ್ರು!"

"ನನ್ನ ಮದುವೆ ಫೋಟೋದಲ್ಲಿ ನೋಡಿ," ಎಂದ ಇನ್ನೊಬ್ಬ. "ಹಿಂದೆ ಒಬ್ಬರು ಕುರ್ಚಿಯಿಂದ ಕುರ್ಚಿಗೆ ಹಾರ್ತಾ ಇರೋದು ಕಾಣುತ್ತೆ. ಎಲ್ಲಾ ಫೋಟೋದಲ್ಲೂ ಅವರೇ!"

ಸಾಲಿನ ಕೊನೆಯ ತನಕ ನಗು ಹರಿಯಿತು. ನಗಬಾರದ ಮನೆಯೆಂದು ನೆನಪಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡರು, ಮತ್ತೆ ನಕ್ಕರು. ಮಗಳಿಗೂ ನಗು ಬಂತು, ಕಣ್ಣೂ ತುಂಬಿತು.

ಆಗಲೇ ಕೊಡೆ ಹಿಡಿದ ಒಬ್ಬ ಮುದುಕರು ಒಳಗೆ ಹೋಗಿ ಅಪ್ಪನಿಗೆ ಕೈ ಮುಗಿದು ಹೊರಗೆ ಬಂದರು. ಯಾರಿಗೂ ಪರಿಚಯವಿದ್ದಂತಿರಲಿಲ್ಲ. ಅತ್ತಿತ್ತ ನೋಡಿದರು. ಖಾಲಿ ಇದ್ದದ್ದು ಒಂದೇ ಕುರ್ಚಿ, ಗೋಡೆ ಪಕ್ಕದ್ದು. ನೇರ ಅದರತ್ತ ಹೋಗಿ, ತಿರುಗಿ ನಿಂತು, ಮಂಡಿ ಮಡಿಸಿದರು.

ಮಗಳು ಅದನ್ನು ಕಂಡಳು. ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ಒಂದೇ ಓಟಕ್ಕೆ ಹೋಗಿ, ಮುದುಕರನ್ನು ಪಕ್ಕಕ್ಕೆ ತಳ್ಳಿದ ಹಾಗೇ ಸರಿಸಿ, ತಾನೇ ಆ ಕುರ್ಚಿಯಲ್ಲಿ ಕೂತುಬಿಟ್ಟಳು. ಭಾರ ಬಿಟ್ಟರೆ ಕಾಲು ಮುರಿದೀತೆಂದು ತೊಡೆಗಳ ಮೇಲೆಯೇ ಮೈ ಹಿಡಿದುಕೊಂಡಳು.

"ಏನಮ್ಮ ಇದು!" ಎಂದರು ಚಿಕ್ಕಪ್ಪ. "ಹಿರಿಯರು ನಿಂತಿದ್ದಾರೆ, ಎದ್ದೇಳು."

"ಎಬ್ಬಿಸಬೇಡಿ, ಎಬ್ಬಿಸಬೇಡಿ," ಎಂದರು ಮುದುಕರು. ಅವರ ಮುಖ ಅಗಲವಾಗಿ ಅರಳಿತ್ತು. ಬಗ್ಗಿ ಕುರ್ಚಿಯ ಹಿಂಗಾಲನ್ನು ನೋಡಿದರು, ಆಮೇಲೆ ಅವಳ ಮುಖವನ್ನು. "ನೀವು ಅವರ ಮಗಳು. ಕೇಳೋ ಅಗತ್ಯಾನೇ ಇಲ್ಲ. ನಿಮ್ಮನ್ನೇ ಹುಡುಕ್ಕೊಂಡು ಬಂದೆ ತಾಯಿ. ನಾನು ಹಣಕಾಸು ಇಲಾಖೇಲಿ ಶೀಘ್ರಲಿಪಿ ಬರೀತಿದ್ದೆ. ಆ ಬಜೆಟ್ ಸಭೇಲಿ ಬರ್ಕೊಂಡೋನು ನಾನೇ."

ಕಂಬದಣ್ಣ ಕೈಯಲ್ಲಿದ್ದ ಟೀ ತಟ್ಟೆಯನ್ನು ಹಾಗೇ ಹಿಡಿದು ನಿಂತ.

* * *

ಆ ದಿನ ಸಭಾಂಗಣದ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಒಂದೊಂದು ಚೌಕಕ್ಕೆ ಒಂದೊಂದು ಕುರ್ಚಿ, ಒಂದೊಂದು ಕುರ್ಚಿಗೆ ಒಂದೊಂದು ಹೆಸರಿನ ಚೀಟಿ ಇಟ್ಟಿದ್ದರು. ಬಂದವರ ಮೂಗು ಬಾಯಿ ಮಾಸ್ಕಿನೊಳಗೆ. ಮಂತ್ರಿಗಳು ಬಾಗಿಲಿಗೆ ಬಂದರು ಎನ್ನುವಾಗ ಅಪ್ಪನ ಕಣ್ಣಿಗೆ ಮೂರನೆಯ ಸಾಲಿನಲ್ಲಿ ಕೆಂಪು ದಾರ ಬಿತ್ತು. ಆ ಕುರ್ಚಿಯಲ್ಲಿ ಕೂರಬೇಕಿದ್ದವರು ಇನ್ನೂ ಬಂದಿರಲಿಲ್ಲ. ಯಾವ ಗಳಿಗೆಯಲ್ಲಾದರೂ ಬಂದು ಕೂತಾರು, ಮಂತ್ರಿಗಳ ಎದುರೇ ಬಿದ್ದಾರು. ಎತ್ತಿಕೊಂಡು ಹೋಗೋಣವೆಂದರೆ ಯಾರೂ ಕದಲಬಾರದೆಂದು ಆಗಲೇ ಅಪ್ಪಣೆಯಾಗಿತ್ತು. ಅಪ್ಪ ಹೋಗಿ ಕೂತರು. ಆ ಕುರ್ಚಿಯವರು ಕೊನೆಗೂ ಬರಲೇ ಇಲ್ಲ.

ಒಬ್ಬರು ತೆರಿಗೆ ಇಳಿಸಿ ಎಂದರು. ಒಬ್ಬರು ಮೊದಲು ಹೆದ್ದಾರಿ ಅಗಲ ಮಾಡಿ ಎಂದರು. ಒಬ್ಬರು ಕಾರ್ಖಾನೆಗೆ ಅಗ್ಗದ ಜಮೀನು ಕೇಳಿದರು. ಒಂದೂವರೆ ಗಂಟೆಯಾದ ಮೇಲೆ ಮಂತ್ರಿಗಳು ಮೂರನೆಯ ಸಾಲಿಗೆ ಕೈ ತೋರಿಸಿ, "ನೀವೇನೂ ಹೇಳಲೇ ಇಲ್ಲವಲ್ಲ?" ಎಂದರು.

"ಕೂತೇ ಹೇಳ್ತೀನಿ ಸ್ವಾಮಿ, ಎದ್ರೆ ತೊಂದರೆ," ಎಂದರು ಅಪ್ಪ. ಮಂಡಿನೋವಿರಬೇಕೆಂದು ಮಂತ್ರಿಗಳು ಕೈಸನ್ನೆ ಮಾಡಿದರು. "ಜನ ಒಬ್ಬರ ಪಕ್ಕ ಒಬ್ಬರು ಕೂರೋದನ್ನೇ ಮರ್ತಿದ್ದಾರೆ. ಮೊದಲು ಅವರು ಕೂರಲಿ. ನೂರು ಕುರ್ಚಿ ಹೊರಟ್ರೆ ಅದರ ಹಿಂದೆ ಅಡುಗೆಯವನು ಹೊರಡ್ತಾನೆ, ಹೂವಿನವಳು ಹೊರಡ್ತಾಳೆ, ಬ್ಯಾಂಡಿನವನು, ದರ್ಜಿ, ಫೋಟೋದವನು ಎಲ್ಲ ಹೊರಡ್ತಾರೆ. ಬಡವರಿಗೆ ಛತ್ರದ ಬಾಡಿಗೆ ಕೊಡೋ ಶಕ್ತಿ ಇಲ್ಲ. ನಿಮ್ಮ ಭವನಗಳಿಗೆ ಬೀಗ ಬಿದ್ದಿದೆ. ಆ ಬೀಗ ತೆಗೀರಿ ಸ್ವಾಮಿ, ಉಳಿದದ್ದು ತಾನಾಗಿ ನಡೆಯುತ್ತೆ."

ಮಂತ್ರಿಗಳು ಪೆನ್ನು ಕೆಳಗಿಟ್ಟು, "ಇದನ್ನ ಬರ್ಕೊಳ್ಳಿ," ಎಂದರು.

* * *

"ಬರ್ಕೊಂಡೆ," ಎಂದರು ಮುದುಕರು. "ನಮ್ಮ ಕೆಲಸದಲ್ಲಿ ತಲೆ ಎತ್ತಿ ಮುಖ ನೋಡೋ ರೂಢಿ ಇಲ್ಲ. ಆ ಕುರ್ಚಿ ಚೀಟೀಲಿ ಹೋಟೆಲ್ ಮಾಲೀಕರ ಸಂಘ ಅಂತಿತ್ತು. ಅದೇ ಹೆಸರಲ್ಲಿ ಬರೆದುಬಿಟ್ಟೆ. ಅದೇ ಪತ್ರಿಕೆಗೂ ಹೋಯ್ತು."

"ತೊಡೆ!" ಎಂದು ಕಂಬದಣ್ಣ ಒಮ್ಮೆಲೇ ಕೂಗಿದ. "ಆವತ್ತು ಸಂಜೆ ತೊಡೆ ಹಿಡ್ಕೊಂಡಿದೆ ಅಂತ ನನ್ನ ಹತ್ರ ಎಣ್ಣೆ ತಿಕ್ಕಿಸಿಕೊಂಡ್ರು! ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ!"

"ಹೇಗೆ ಹೇಳ್ತಾರೆ?" ಮುದುಕರು ನಕ್ಕರು. "ಸರ್ಕಾರದ ಸಭೆಗೆ ಬಿರುಕು ಬಿಟ್ಟ ಕುರ್ಚಿ ಹಾಕ್ಬಿಟ್ಟೆ ಅಂತ ಹೇಳ್ಕೊಳ್ಳೋಕೆ ಆಗುತ್ತಾ? ಮಂತ್ರಿಗಳೇ ಕರೆದು ಕೂರಿಸಿದ್ರು ಅಂದ್ಬಿಟ್ರು. ಅದೊಂದು ಮಾತ್ರ ಸುಳ್ಳು. ಆ ಟೀ ಲೋಟಾನೂ ಸುಳ್ಳೇ ಅನ್ನಿ."

ಮಗಳ ತೊಡೆಗಳು ನಡುಗುತ್ತಿದ್ದವು. ಏಳಬೇಕೆಂದು ಅವಳಿಗೆ ತೋಚಲಿಲ್ಲ. "ನಿಮಗೆ ಇದೆಲ್ಲ ಹೇಗೆ ಗೊತ್ತಾಯ್ತು?"

"ಹೋದ ವರ್ಷ ಮೊಮ್ಮಗಳ ಹುಟ್ಟುಹಬ್ಬಕ್ಕೆ ಕುರ್ಚಿ ಕೇಳೋಕೆ ಗೋದಾಮಿಗೆ ಹೋಗಿದ್ದೆ. 'ನೂರು ಕುರ್ಚಿ ಹೊರಟ್ರೆ' ಅಂತ ಶುರು ಮಾಡಿದ್ರು ನೋಡಿ, ದನಿ ಗುರುತು ಹತ್ತಿತು. ತಪ್ಪಾಯ್ತು, ನಿಮ್ಮ ಹೆಸರು ತಿಂದುಬಿಟ್ಟೆ ಅಂದೆ. ಬೀಗ ತೆಗೆದ್ರಲ್ಲ, ಹೆಸರು ಯಾರಿಗೆ ಬೇಕು ಅಂದ್ರು." ಮುದುಕರು ಕೊಡೆಯ ಹಿಡಿಯನ್ನು ನೋಡುತ್ತ ನಿಂತರು. "ಆಮೇಲೆ, 'ಪುರುಸೊತ್ತಾದಾಗ ನನ್ನ ಮಗಳಿಗೆ ಮಾತ್ರ ಒಂದು ಮಾತು ಹೇಳಿ ಸ್ವಾಮಿ' ಅಂದ್ರು. ಹೇಳ್ತೀನಿ ಅಂದಿದ್ದೆ. ನಾಳೆ ಹೋದ್ರಾಯ್ತು, ನಾಡಿದ್ದು ಹೋದ್ರಾಯ್ತು ಅಂತ... ಇವತ್ತು ಫೋನ್ ಬಂತು."

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ನೋಡಿದವರಿಗೆ ತಿಳಿಯಲಿಲ್ಲ, ಎರಡೂ ಇತ್ತು. ಅವರ ಹಾಗೇ ತಾನೂ ನಾಳೆ ನಾಳೆ ಎಂದವಳೇ. ಮುದುಕರನ್ನು ಬಯ್ಯುವುದಕ್ಕೆ ಅವಳಿಗೆ ಬಾಯಿರಲಿಲ್ಲ. ಅಷ್ಟರಲ್ಲಿ ಮೊದಲ ಸಾಲಿನಿಂದ ಅವಳ ಮಾವ ಎದ್ದು ಬಂದು, ತಮ್ಮ ಕುರ್ಚಿಯನ್ನು ಮುದುಕರಿಗೆ ಹಾಕಿದರು. "ಆವತ್ತು ಆ ಟೀ ಲೋಟದ ಕಥೆ ಅರ್ಧಕ್ಕೆ ನಿಂತುಹೋಗಿತ್ತು," ಎಂದರು. "ನಂಗೆ ಅದು ಪೂರ್ತಿ ಕೇಳ್ಬೇಕಿತ್ತು."

ಹನ್ನೆರಡಕ್ಕೆ ಗಾಡಿ ಬಂತು. ನೂರಿಪ್ಪತ್ತು ಕುರ್ಚಿಗಳಿಂದ ಜನ ಒಟ್ಟಿಗೆ ಎದ್ದರು.

* * *

ಅವರು ವಾಪಸ್ಸು ಬಂದಾಗ ನಾಲ್ಕು ಗಂಟೆ. ಬೀದಿಯಲ್ಲಿ ಖಾಲಿ ಕುರ್ಚಿಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಕಂಬದಣ್ಣ ಕಣ್ಣೊರೆಸಿಕೊಂಡು ಒಂದರ ಮೇಲೊಂದು ಪೇರಿಸಲು ಹೋದವನು ನಿಂತು ಕೇಳಿದ, "ಪುಟ್ಟಿ, ನಾಳೆ ಮದುವೆಯವರಿಗೆ ಏನು ಹೇಳ್ಲಿ?"

ಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಸಾಲಿಗೆ ಹೋದಳು. ಮೊದಲ ಕುರ್ಚಿಯಲ್ಲಿ ಕೂತಳು. ಬಲಕ್ಕೊಮ್ಮೆ ಹೊರಳಿದಳು, ಎಡಕ್ಕೊಮ್ಮೆ ಹೊರಳಿದಳು, ಎದ್ದು ಎರಡನೆಯದಕ್ಕೆ ಹೋದಳು.

ಎದುರು ಮನೆಯವರು ಕಿಟಕಿಯಿಂದ ನೋಡಿ, ಪಾಪ, ದುಃಖಕ್ಕೆ ಹೀಗಾಗಿದೆ ಎಂದುಕೊಂಡರು. ಚಿಕ್ಕಪ್ಪ ಬಾಗಿಲಿಗೆ ಬಂದು, "ಟೀ ಆರ್ತಾ ಇದೆ ಕಣಮ್ಮ," ಎಂದು ಕರೆದು, ಅವಳು ಮಾಡುತ್ತಿದ್ದುದನ್ನು ಕಂಡು ಮತ್ತೆ ಕರೆಯದೆ ಒಳಗೆ ಹೋದರು.

ಹದಿನೇಳನೆಯದರಲ್ಲಿ ಅವಳು ಎಡಕ್ಕೆ ಹೊರಳಿದವಳು ಅಲ್ಲೇ ತಡೆದಳು. ಇನ್ನೊಮ್ಮೆ ಹೊರಳಿ ನೋಡಿದಳು. ತಲೆ ಎತ್ತದೆ ಕೈ ಚಾಚಿದಳು. ಕಂಬದಣ್ಣ ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು ಆ ಕೈಯಲ್ಲಿಟ್ಟ.