ಹೂಂಗುಟ್ಟುವವಳು

ಗುರುವಾರ ಬೆಟ್ಟಯ್ಯನವರ ಗಂಟಲಿನ ಆಪರೇಷನ್. ಗಡ್ಡೆ ತೆಗೆದ ಮೇಲೆ ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಇವತ್ತು ಮಂಗಳವಾರ. ಹೆಬ್ಬಾಳದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ದುಡಿದು, ಶನಿವಾರ ಬಂತೆಂದರೆ ಗುಡಿಯಲ್ಲಿ ಹಳೆಯ ಪದ್ಯಗಳನ್ನು ರಾಗವಾಗಿ ಓದಿ ಕೇಳಿದವರ ಕಣ್ಣು ಒದ್ದೆ ಮಾಡಿದ ಕಂಠ ಅದು. ತಮ್ಮನ ಮಗಳು ಸುಚಿತ್ರಾ ಈ ದೊಡ್ಡಪ್ಪನ ಮೇಲೆ ಪುಟ್ಟದೊಂದು ಸಿನಿಮಾ ಮಾಡುತ್ತಿದ್ದಳು. ಕಂಠವೇ ಸಿಗದಿದ್ದರೆ ಸಿನಿಮಾ ಎಲ್ಲಿಯದು?

ಅವಳ ಬಳಿ ಇದ್ದದ್ದು ಕ್ಯಾಮೆರಾ ಅಂತ ಒಂದು ಫೋನು, ಎರವಲು ತಂದ ಒಂದೇ ಒಂದು ಮೈಕು, ಧ್ವನಿಯ ಕೆಲಸ ಬಲ್ಲ ಗೆಳೆಯ ಯೋಗೇಂದ್ರ. ಚಿತ್ರ ಮಂಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ ಎನ್ನುವುದು ಅವನ ಮಂತ್ರ. ಶ್ರೀರಾಂಪುರದ ದೊಡ್ಡಪ್ಪನ ಮನೆಯ ನಡುಮನೆಯಲ್ಲಿ ಬೆಳಗಿನಿಂದ ಅವನದೇ ಕಾರುಬಾರು. ದನಿ ಗೋಡೆಗೆ ಬಡಿದು ಮಾರ್ದನಿಸದಿರಲೆಂದು ಕಂಬಳಿ, ಜಮಖಾನ ಇಳಿಬಿಟ್ಟ. ಫ್ಯಾನ್ ನಿಲ್ಲಿಸಿದ. ಗುಂಯ್‌ಗುಡುತ್ತಿದ್ದ ಫ್ರಿಜ್ಜು ಆರಿಸಿ, ಅದರೊಳಗೆ ತನ್ನ ಸ್ಕೂಟರಿನ ಕೀ ಇಟ್ಟ.

ದೊಡ್ಡಮ್ಮ ಇಂದ್ರಮ್ಮ ಅದನ್ನು ನೋಡಿ, "ಬೀಗದ್ಕೈ ಏನ್ ಹಳಸೋಗ್ತದೇನಪ್ಪ, ಫ್ರಿಜ್ಜಲ್ಲಿ ಮಡಗ್ತಿದ್ದೀಯಲ್ಲ?" ಎಂದರು.

"ಫ್ರಿಜ್ ಮತ್ತೆ ಹಾಕೋದು ಮರೆತು ಹೊರಟೋದ್ರೆ ನಿಮ್ ಹಾಲು ಕೆಡತ್ತಮ್ಮ. ಕೀ ಅಲ್ಲೇ ಇದ್ರೆ ಹೋಗೋದಾದ್ರೂ ಎಲ್ಲಿಗೆ?"

ಬೆಟ್ಟಯ್ಯ ದೇವರ ದೀಪಕ್ಕೆ ಕೈ ಮುಗಿದು ಕೂತರು. ಮೊದಲ ಪದ್ಯ ಎದ್ದು, ಏರಿ, ಇಳಿಯಿತು. ಇಳಿದ ಕಡೆಯಲ್ಲಿ ಇಂದ್ರಮ್ಮನ "ಹೂಂ" ಬಿತ್ತು.

ಯೋಗೇಂದ್ರ ಕಿವಿಯ ಹೆಡ್‌ಫೋನ್ ತೆಗೆದು ಸುಚಿತ್ರಳ ಮುಖ ನೋಡಿದ. ಹೂಂಗುಟ್ಟಬೇಡಿ ಎಂದು ಅವಳು ದೊಡ್ಡಮ್ಮನನ್ನು ಮೆಲ್ಲಗೆ ಕೇಳಿಕೊಂಡಳು. ಆಗಲಿ ಎಂದ ಇಂದ್ರಮ್ಮ ಎರಡನೆಯ ಸಲ ಬಾಯಿಗೆ ಸೆರಗು ಒತ್ತಿ ಹಿಡಿದರು. ಸೆರಗಿನೊಳಗಿಂದಲೂ ಹೂಂ ಬಂತು. ಪಾಪ, ಬೇಕೆಂದು ಅಂದದ್ದಲ್ಲ. ಅವರ ಊರ ಜಗಲಿಯಲ್ಲಿ ಓದುವವನ ಎದುರು ಹೂಂಗುಟ್ಟಲು ಒಬ್ಬರು ಕೂರಲೇಬೇಕಿತ್ತು. ಹೂಂ ಬಿದ್ದರೆ ಪದ್ಯ ದಡ ಮುಟ್ಟಿತೆಂದು ಲೆಕ್ಕ. ಮದುವೆಯಾಗಿ ಬಂದ ವರ್ಷದಿಂದ ಆ ಜಾಗ ಇಂದ್ರಮ್ಮನದು.

ಸುಚಿತ್ರಾ ಅವರನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಮುಚ್ಚಿದಳು.

ಬೆಟ್ಟಯ್ಯ ಒಂದು ಪದ್ಯ ಹೇಳಿ ಕಾದರು. ಏನೂ ಬರಲಿಲ್ಲ. ಮುಂದಿನದನ್ನು ಎತ್ತಿಕೊಂಡರು, ದನಿ ಅರ್ಧಕ್ಕೇ ಒಡೆದು ಕೆಮ್ಮಾಯಿತು. ಮತ್ತೆ ಎತ್ತಿದರು, ಮತ್ತೆ ಒಡೆಯಿತು. ಇದ್ದ ಚೂರು ಕಂಠವೂ ಹೀಗೆ ಸೋರಿಹೋಗುತ್ತಿರುವುದು ಸುಚಿತ್ರಳ ಕಣ್ಣಿಗೇ ಕಾಣುತ್ತಿತ್ತು. ಅವರು ಗೋಡೆಯತ್ತ ಕೈ ತೋರಿಸಿದರು.

"ಯಾರ್ಗೆ ಹೇಳ್ಲವ್ವ? ಈ ಕಂಬ್ಳಿಗಾ?"

ಸುಚಿತ್ರಾ ಎದ್ದು ಹೋಗಿ ಬಾಗಿಲು ತೆರೆದಳು. ಇಂದ್ರಮ್ಮ ಬಾಗಿಲಿಗೇ ಕಿವಿಯಾನಿಸಿ ನಿಂತಿದ್ದರು.

"ಅವರ ದನಿ ಮೇಲೆ ಇವರ ದನಿ ಕೂತರೆ ಆಮೇಲೆ ಬಿಡಿಸೋಕಾಗಲ್ಲ ಕಣೇ" ಎಂದ ಯೋಗೇಂದ್ರ.

"ಬಿಡಿಸೋದೇನೂ ಬೇಡ. ಮೈಕ್ ಇಬ್ಬರ ಮಧ್ಯೆ ಇಡು."

ಅವನು ಮೈಕಿನ ಸ್ಟ್ಯಾಂಡನ್ನು ಎರಡು ಗೇಣು ಸರಿಸಿದ.

ಆಮೇಲೆ ಹನ್ನೊಂದು ಪದ್ಯ, ಎಲ್ಲೂ ನಿಲ್ಲದೆ. ದನಿ ಒರಟಾಗಿತ್ತು, ಕೆಲವು ಕಡೆ ಬರಿಯ ಉಸಿರಾಗಿತ್ತು. ಆದರೂ ಪ್ರತಿ ಸಲ ಹೂಂ ಬಿದ್ದಾಗ, ಮೆಟ್ಟಿಲು ಸಿಕ್ಕಿದ ಕಾಲಿನಂತೆ ಮೇಲಕ್ಕೇರಿತು.

ಮುಗಿದಾಗ ಯೋಗೇಂದ್ರ, ಒಂದು ನಿಮಿಷ ಯಾರೂ ಮಾತಾಡಬೇಡಿ ಎಂದು ಬೇಡಿಕೊಂಡ. ಕೋಣೆಯ ಖಾಲಿ ಸದ್ದನ್ನೂ ಹಿಡಿದಿಟ್ಟುಕೊಂಡರೆ, ಕತ್ತರಿಸಿ ಜೋಡಿಸುವಾಗ ಸದ್ದಿನ ಬಿರುಕು ಮುಚ್ಚಲು ಒದಗುತ್ತದೆ.

ಎಲ್ಲರೂ ಕೂತರು. ದೀಪ ಉರಿಯುತ್ತಿತ್ತು. ಬೆಟ್ಟಯ್ಯ ಕಣ್ಣು ಮುಚ್ಚಿದ್ದರು. ತುಟಿಗಳು ಮಾತ್ರ ಅಲುಗುತ್ತಿದ್ದವು. ಹನ್ನೆರಡನೆಯ ಪದ್ಯ ಸದ್ದಿಲ್ಲದೆ ನಡೆದಿತ್ತು. ಇಂದ್ರಮ್ಮ ಆ ತುಟಿಗಳನ್ನೇ ನೋಡುತ್ತಿದ್ದರು. ಅವು ನಿಂತವು.

"ಹೂಂ" ಎಂದರು ಇಂದ್ರಮ್ಮ.

ತುಟಿಗಳು ಮತ್ತೆ ಅಲುಗಿದವು. ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ಯೋಗೇಂದ್ರ ಯಂತ್ರ ನಿಲ್ಲಿಸಲಿಲ್ಲ, ಸುಚಿತ್ರಾ ನಿಲ್ಲಿಸು ಎನ್ನಲಿಲ್ಲ. ಫ್ರಿಜ್ಜು ಆರಿಯೇ ಇತ್ತು. ಹಾಲಿನ ನೆನಪು ಯಾರಿಗೂ ಬರಲಿಲ್ಲ.